ಬರುವಾಗಿನ ಭಾರ: ಸೇನೆಯ ಸಂಚಾರಿ ರಿಯಾಕ್ಟರುಗಳನ್ನು ಕುರಿತು

ಒಂದು ಮೆಗಾವ್ಯಾಟ್ ವಿದ್ಯುತ್ತನ್ನು ಹಗಲೂ ರಾತ್ರಿ ಬಿಡದೆ ಡೀಸೆಲ್ ಜನರೇಟರಿನಿಂದಲೇ ಪಡೆಯಬೇಕೆಂದರೆ, ಯೂನಿಟ್ಟಿಗೆ ಕಾಲು ಲೀಟರಿಗಿಂತ ತುಸು ಹೆಚ್ಚು ಎಂಬ ಲೆಕ್ಕದಲ್ಲಿ, ದಿನಕ್ಕೆ ಸುಮಾರು ಆರೂವರೆ ಸಾವಿರ ಲೀಟರ್ ಎಣ್ಣೆ ಬೇಕಾಗುತ್ತದೆ. ವರ್ಷಕ್ಕೆ ಅದು 23 ಲಕ್ಷ ಲೀಟರನ್ನು ದಾಟುತ್ತದೆ. 12,000 ಲೀಟರ್ ಹಿಡಿಯುವ ಟ್ಯಾಂಕರುಗಳಲ್ಲಿ ಸಾಗಿಸಿದರೆ ಹತ್ತಿರ ಹತ್ತಿರ 200 ಟ್ಯಾಂಕರುಗಳ ಮಾತು. ಅಷ್ಟೇ ವಿದ್ಯುತ್ತಿಗೆ ಪರಮಾಣು ರಿಯಾಕ್ಟರಿನಲ್ಲಿ ವಿದಳನಗೊಳ್ಳಬೇಕಾದ, ಎಂದರೆ ಪರಮಾಣು ಸೀಳಿ ಶಕ್ತಿ ಕೊಡಬೇಕಾದ, ಯುರೇನಿಯಂ ದಿನಕ್ಕೆ ಮೂರು ಗ್ರಾಂ, ವರ್ಷಕ್ಕೆ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ರಿಯಾಕ್ಟರಿನೊಳಗೆ ತುಂಬಬೇಕಾದ ಇಂಧನ ಇದರ ಹಲವು ಪಟ್ಟು ಇರಬೇಕು ಎಂಬುದು ನಿಜ, ಏಕೆಂದರೆ ತುಂಬಿದ್ದೆಲ್ಲವೂ ಉರಿದು ಮುಗಿಯುವುದಿಲ್ಲ. ಆದರೂ ಈ ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿದ ಯಾವ ಸೇನಾಧಿಕಾರಿಗಾದರೂ ಮನಸ್ಸು ಎತ್ತ ವಾಲುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಲಾರಿಯ ಮೇಲೆ ಹೇರಿಕೊಂಡು ಹೋಗಿ ಬೇಕಾದಲ್ಲಿ ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಹೇರಿಕೊಂಡು ಬರಬಹುದಾದ ಪುಟ್ಟ ರಿಯಾಕ್ಟರುಗಳನ್ನು ಸೈನ್ಯದ ಬಳಕೆಗೆ ಸಿದ್ಧಪಡಿಸುವ ಪ್ರಯತ್ನ ಈಗ ಅಮೆರಿಕದಲ್ಲಿ ಜೋರಾಗಿ ನಡೆದಿದೆ. ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಬಂಗಾರಪೇಟೆಯಲ್ಲಿ ನೆಲೆಸಿರುವ ನನಗೆ ಈ ವಿಷಯದಲ್ಲಿ ಕೆಲವು ವರ್ಷಗಳಿಂದ ಆಸಕ್ತಿ. ಇದರ ಬಗ್ಗೆ ಬಂದಿರುವ ಬರಹಗಳೆಲ್ಲ ರಿಯಾಕ್ಟರನ್ನು ಅಲ್ಲಿಗೆ ಒಯ್ಯುವ ಸಾಹಸವನ್ನೇ ವರ್ಣಿಸುತ್ತವೆ. ಹೊಸ ಇಂಧನ ತುಂಬಿದ, ಇನ್ನೂ ಚಾಲೂ ಮಾಡದ ರಿಯಾಕ್ಟರನ್ನು ಸಾಗಿಸುವುದು ದೊಡ್ಡ ಯಂತ್ರವೊಂದನ್ನು ಸಾಗಿಸಿದಂತೆಯೇ ಸರಿ. ಅದರ ವಿಕಿರಣ ತೀರಾ ಕಡಿಮೆ. ಮೂರು ವರ್ಷ ಉರಿದ ಮೇಲೆ ಅದೇ ಯಂತ್ರವನ್ನು ಹಿಂದಕ್ಕೆ ತರುವುದು ಬೇರೆಯೇ ಕೆಲಸ. ಈ ಯೋಜನೆಗಳನ್ನು ಅಳೆಯಬೇಕಾದದ್ದು ಈ ಎರಡನೆಯ ಪ್ರಯಾಣದಿಂದ ಎಂಬುದು ನನ್ನ ಅಭಿಪ್ರಾಯ, ಮತ್ತು ಅರವತ್ತು ವರ್ಷಗಳ ಚರಿತ್ರೆ ಇದಕ್ಕೆ ಸಾಕಷ್ಟು ಆಧಾರ ಕೊಡುತ್ತದೆ.

ಮೊದಲು ಸೇನೆಯ ಕಷ್ಟವನ್ನು ನ್ಯಾಯವಾಗಿ ಹೇಳಬೇಕು. ನನ್ನ ತಂಗಿಯ ಮಗ ಸೈನ್ಯದ ಸರಬರಾಜು ವಿಭಾಗದಲ್ಲಿ ಇದ್ದವನು, ಲಡಾಖಿನಲ್ಲಿಯೂ ಕೆಲಸ ಮಾಡಿದವನು. ರಜೆಯಲ್ಲಿ ಬಂದಾಗ ಅವನು ಮಾತನಾಡುತ್ತಿದ್ದುದು ಶತ್ರುವಿನ ಬಗ್ಗೆ ಕಡಿಮೆ, ಸೀಮೆಎಣ್ಣೆ ಮತ್ತು ಡೀಸೆಲ್ ಬಗ್ಗೆಯೇ ಹೆಚ್ಚು. "ಮಾವ, ಅಲ್ಲಿ ಊಟ ಒಂದು ಹೊತ್ತು ತಪ್ಪಿದರೂ ತಡೆದುಕೊಳ್ಳಬಹುದು, ಬುಖಾರಿ ಒಲೆಗೆ ಎಣ್ಣೆ ತಪ್ಪಿದರೆ ತಡೆಯುವುದಕ್ಕೆ ಆಗುವುದಿಲ್ಲ" ಎನ್ನುತ್ತಿದ್ದ. ಚಳಿಗಾಲದಲ್ಲಿ ಕಣಿವೆಗಳು ಮುಚ್ಚುವ ಮೊದಲೇ ಇಡೀ ಆರು ತಿಂಗಳ ಎಣ್ಣೆಯನ್ನು ಮೇಲೆ ಸೇರಿಸಿಡಬೇಕು. ರಸ್ತೆ ಮುಗಿದಲ್ಲಿಂದ ಜೆರಿಕ್ಯಾನುಗಳು ಹೇಸರಗತ್ತೆಗಳ ಮೇಲೆ, ಹೆಲಿಕಾಪ್ಟರುಗಳಲ್ಲಿ, ಕೊನೆಗೆ ಮನುಷ್ಯರ ಬೆನ್ನ ಮೇಲೆ ಹೋಗಬೇಕು. ಸಾಮಾನ್ಯ ಡೀಸೆಲ್ ಅಲ್ಲಿನ ಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆ. ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಲಡಾಖಿಗೆ ಕೊಡಲಾರಂಭಿಸಿದ್ದು 2019ರಲ್ಲಿ. ಗಾಳಿ ತೆಳುವಾದಷ್ಟೂ ಎಂಜಿನ್ನಿನ ಶಕ್ತಿ ಕುಗ್ಗುವುದರಿಂದ, ಬಯಲಿನಲ್ಲಿ ನೂರು ಕಿಲೋವ್ಯಾಟ್ ಕೊಡುವ ಸೆಟ್ಟು ಅಲ್ಲಿ ಅಷ್ಟು ಕೊಡುವುದಿಲ್ಲ. ಅಮೆರಿಕನ್ನರ ಅನುಭವ ಇನ್ನೂ ಕಹಿಯಾದದ್ದು: ಆಫ್ಘಾನಿಸ್ತಾನದಲ್ಲಿ 2007ರ ಅಂಕಿಗಳನ್ನು ಆಧರಿಸಿ ಅವರ ಸೇನೆ ಮಾಡಿಸಿದ ಅಧ್ಯಯನದ ಪ್ರಕಾರ, ಇಂಧನ ಸಾಗಿಸುವ ಪ್ರತಿ 24 ವಾಹನ ಸಾಲುಗಳಿಗೆ ಒಬ್ಬರಂತೆ ಸಾವು ಅಥವಾ ಗಾಯ ಸಂಭವಿಸಿತ್ತು.

ದೂರದ ಜಾಗಕ್ಕೆ ಶಕ್ತಿಯನ್ನು ಒದಗಿಸುವ ಸಮಸ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳು ಮೊದಲು ಸೌದೆ ಮತ್ತು ಕಲ್ಲಿದ್ದಲನ್ನು ಉರಿಸಿ ಉಗಿಯಂತ್ರಗಳನ್ನು ನಡೆಸುತ್ತಿದ್ದವು; ಸುತ್ತಲಿನ ಕಾಡು ಅದಕ್ಕಾಗಿ ಕರಗಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಮುಗಿದು, ಸುಮಾರು 148 ಕಿಲೋಮೀಟರ್ ಉದ್ದದ ತಂತಿಯ ಮೂಲಕ ಕಾವೇರಿಯ ವಿದ್ಯುತ್ತು ಗಣಿಗಳಿಗೆ ಬಂದಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ತಂತಿ ಎಳೆಯಲು ಸಾಧ್ಯವಿರುವ ಕಡೆ ತಂತಿಗಿಂತ ಉತ್ತಮವಾದ ಉಪಾಯ ಇಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ, ಬಹುಶಃ ನನ್ನ ವೃತ್ತಿಯ ಪಕ್ಷಪಾತವೂ ಅದರಲ್ಲಿ ಸೇರಿರಬಹುದು. ಶ್ರೀನಗರದಿಂದ ಲೇಹ್‌ಗೆ 220 ಕಿಲೋವೋಲ್ಟಿನ ಮಾರ್ಗ 2019ರಲ್ಲಿ ಉದ್ಘಾಟನೆಯಾಯಿತು. ಆದರೆ ಗಡಿಯ ಮುಂಚೂಣಿ ನೆಲೆಗಳಿಗೆ ಕಂಬ ನೆಡುವುದು ಕಷ್ಟ. ನೆಟ್ಟರೂ ಯುದ್ಧದ ಮೊದಲ ದಿನವೇ ಉರುಳುವುದು ಆ ಕಂಬಗಳೇ.

ಈ ಕೊರತೆಯನ್ನು ರಿಯಾಕ್ಟರಿನಿಂದ ತುಂಬಬಹುದೆಂಬ ಯೋಚನೆ ಹಳೆಯದು. ಅಮೆರಿಕದ ಭೂಸೇನೆ 1954ರಲ್ಲಿ ತನ್ನದೇ ಪರಮಾಣು ವಿದ್ಯುತ್ ಕಾರ್ಯಕ್ರಮವನ್ನು ಆರಂಭಿಸಿ 1977ರ ವರೆಗೆ ನಡೆಸಿತು. ಒಟ್ಟು ಎಂಟು ರಿಯಾಕ್ಟರುಗಳನ್ನು ಕಟ್ಟಿತು. ಅವುಗಳಲ್ಲಿ ಕೆಲವು ಬಿಡಿ ಭಾಗಗಳಾಗಿ ಹಡಗು, ವಿಮಾನ, ಸ್ಲೆಡ್ಜುಗಳಲ್ಲಿ ಸಾಗಿಸಿ ಜೋಡಿಸುವಂಥವು. ಗ್ರೀನ್‌ಲ್ಯಾಂಡಿನ ಹಿಮದೊಳಗೆ ಸುರಂಗಗಳನ್ನು ಕೊರೆದು ಕಟ್ಟಿದ ಕ್ಯಾಂಪ್ ಸೆಂಚುರಿ ಎಂಬ ನೆಲೆಗೆ 1960ರಲ್ಲಿ ಇಂತಹ ಒಂದು ರಿಯಾಕ್ಟರ್ ಹೋಯಿತು. ಮೊದಲ ಬಾರಿ ಚಾಲೂ ಮಾಡಿದಾಗ ವಿಕಿರಣ ನಿರೀಕ್ಷೆಗಿಂತ ಹೆಚ್ಚು ಕಂಡುಬಂದು ಸೀಸದ ತಡೆಯನ್ನು ಹೆಚ್ಚಿಸಬೇಕಾಯಿತು. ಅದು ಮೂರು ವರ್ಷದ ಆಸುಪಾಸು ಕೆಲಸ ಮಾಡಿತು. ಆದರೆ ಹಿಮ ನಿಂತ ನೆಲವಲ್ಲ, ನಿಧಾನವಾಗಿ ಹರಿಯುವ ವಸ್ತು. ಸುರಂಗಗಳು ಕುಗ್ಗುತ್ತ ಬಂದವು, ಮೇಲ್ಛಾವಣಿ ಇಳಿಯಿತು, 1964ರಲ್ಲಿ ರಿಯಾಕ್ಟರನ್ನು ಬಿಚ್ಚಿ ಹೊರತೆಗೆದರು. ಈ ಒಂದು ವಿಷಯದಲ್ಲಿ ಅವರನ್ನು ಮೆಚ್ಚಬೇಕು: ರಿಯಾಕ್ಟರಿನ ಪಾತ್ರೆ ನಿಜವಾಗಿಯೂ ಮರಳಿತು. ಮರಳದೆ ಉಳಿದದ್ದು ಅದು ಹೊರಬಿಟ್ಟ ವಿಕಿರಣಯುಕ್ತ ನೀರು. ಅದನ್ನು ಹಿಮದೊಳಕ್ಕೇ ಸುರಿದಿದ್ದರು. ಜೊತೆಗೆ ಸುಮಾರು ಎರಡು ಲಕ್ಷ ಲೀಟರ್ ಡೀಸೆಲ್ ಅಲ್ಲಿಯೇ ಉಳಿದಿದೆ ಎಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಡೀಸೆಲ್ಲಿನ ಅವಲಂಬನೆಯನ್ನು ತಪ್ಪಿಸಲೆಂದು ರಿಯಾಕ್ಟರ್ ಒಯ್ದ ಜಾಗದಲ್ಲಿ ಕೊನೆಗೆ ಡೀಸೆಲ್ ಉಳಿದದ್ದು ವಿಚಿತ್ರವೇ.

ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ನೆಲೆಯ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಅಲ್ಲಿನ ರಿಯಾಕ್ಟರ್ 1962ರಿಂದ 1972ರ ವರೆಗೆ ನಡೆಯಿತು, ಸಾಮರ್ಥ್ಯ ಸುಮಾರು 1.75 ಮೆಗಾವ್ಯಾಟ್, ನೆಲೆಯ ದೀಪಗಳಿಗೆ ವಿದ್ಯುತ್ತನ್ನೂ ಮುಂದೆ ಸಮುದ್ರದ ನೀರನ್ನು ಸಿಹಿಗೊಳಿಸಲು ಶಾಖವನ್ನೂ ಕೊಟ್ಟಿತು. ಆದರೆ ಹತ್ತು ವರ್ಷಗಳಲ್ಲಿ ನೂರಾರು ದೋಷಗಳು ದಾಖಲಾದವು. ಕೊನೆಗೆ ವಿಕಿರಣವನ್ನು ತಡೆಯಲೆಂದು ತುಂಬಿದ್ದ ನೀರು ಸೋರಿದ್ದು ಕಂಡು, ಉಕ್ಕಿನಲ್ಲಿ ಬಿರುಕುಗಳಿರಬಹುದೆಂಬ ಅನುಮಾನ ಬಂದು ಅದನ್ನು ಮುಚ್ಚಿದರು. 1959ರ ಅಂಟಾರ್ಕ್ಟಿಕ್ ಒಪ್ಪಂದ ಆ ಖಂಡದಲ್ಲಿ ವಿಕಿರಣ ತ್ಯಾಜ್ಯವನ್ನು ಬಿಡುವುದನ್ನು ನಿಷೇಧಿಸಿದ್ದರಿಂದ, ಯಂತ್ರವನ್ನಷ್ಟೇ ಅಲ್ಲದೆ ಸುತ್ತಲಿನ ಸಾವಿರಾರು ಟನ್ ಮಣ್ಣನ್ನೂ ಕಲ್ಲನ್ನೂ ಅಗೆದು ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಬೇಕಾಯಿತು. ಆ ಜಾಗ ಶುದ್ಧವಾಯಿತೆಂದು ಬಿಟ್ಟುಕೊಟ್ಟದ್ದು 1979ರಲ್ಲಿ. ವಿಮಾನದಲ್ಲಿ ಒಯ್ಯಲಾಗುವಷ್ಟು ಹಗುರವಾದ ಭಾಗಗಳಾಗಿ ವಿನ್ಯಾಸಗೊಂಡಿದ್ದ ಯಂತ್ರ ಹಿಂದಿರುಗುವಾಗ ಒಂದು ಗುಡ್ಡದ ಬದಿಯನ್ನೇ ಜೊತೆಗೆ ಕರೆದೊಯ್ಯಿತು.

ಇಡಾಹೊ ಪ್ರಾಂತ್ಯದಲ್ಲಿದ್ದ ಎಸ್‌ಎಲ್-1 ರಿಯಾಕ್ಟರಿನ ವಿಷಯವನ್ನು ಈ ಕ್ಷೇತ್ರದವರೆಲ್ಲ ಬಲ್ಲರು. ಉತ್ತರ ಧ್ರುವದ ಅಂಚಿನ ರಾಡಾರ್ ಠಾಣೆಗಳಿಗೆಂದು ರೂಪಿಸಿದ ಮಾದರಿ ಅದು. ಕೆಲವೇ ಜನ ನಡೆಸಬಲ್ಲಂತೆ, ಆದಷ್ಟು ಸರಳವಾಗಿ, ವಿದಳನವನ್ನು ಹತೋಟಿಯಲ್ಲಿಡುವ ನಿಯಂತ್ರಣ ದಂಡಗಳನ್ನು ಕಡಿಮೆ ಮಾಡಿ ಕಟ್ಟಿದ್ದರು. 1961ರ ಜನವರಿ 3ರ ರಾತ್ರಿ, ರಜೆಯ ಬಳಿಕ ಅದನ್ನು ಮತ್ತೆ ಚಾಲನೆಗೆ ಸಿದ್ಧಪಡಿಸುತ್ತಿದ್ದ ಮೂವರು ಯುವ ಸೈನಿಕ ಸಿಬ್ಬಂದಿಯ ಕೈಯಲ್ಲಿ ನಡುವಿನ ದಂಡ ಅರ್ಧ ಮೀಟರಿನಷ್ಟು ಮೇಲೆ ಬಂದಿತು. ಕೆಲವೇ ಮಿಲಿಸೆಕೆಂಡುಗಳಲ್ಲಿ ಶಕ್ತಿ ಎಲ್ಲೆ ಮೀರಿ ಏರಿ, ನೀರು ಒಮ್ಮೆಲೇ ಆವಿಯಾಗಿ, ಹಲವು ಟನ್ ತೂಕದ ಪಾತ್ರೆಯೇ ಒಂಬತ್ತು ಅಡಿ ಮೇಲಕ್ಕೆ ಹಾರಿತು, ಮೂವರೂ ಸತ್ತರು. ಒಂದೇ ದಂಡವನ್ನು ಎತ್ತಿದರೆ ಸಾಕು ಅಪಾಯ ಎನ್ನುವಂತಹ ವಿನ್ಯಾಸವನ್ನು ಆಮೇಲೆ ಯಾರೂ ಒಪ್ಪಲಿಲ್ಲ. ಚಿಕ್ಕದು, ಸರಳವಾದದ್ದು ಎಂದ ಮಾತ್ರಕ್ಕೆ ಸುರಕ್ಷಿತ ಎಂದು ತಿಳಿಯುವವರು ಈ ಘಟನೆಯ ತನಿಖಾ ವಿವರಗಳನ್ನು ಓದಬೇಕು.

ನಿಜವಾಗಿ ಲಾರಿಯ ಮೇಲೆ ತಿರುಗಲೆಂದು ಮಾಡಿದ್ದು ಎಂಎಲ್-1. ಸಾರಜನಕದಿಂದ ತಂಪಾಗಿ, ಅದೇ ಅನಿಲದಿಂದ ಟರ್ಬೈನ್ ತಿರುಗಿಸುವ ಈ ಯಂತ್ರ 300 ಕಿಲೋವ್ಯಾಟ್ ಕೊಡಬೇಕಿತ್ತು. ತೂಕ ಇಳಿಸಲು ವಿಕಿರಣ ತಡೆಯನ್ನು ತೆಳುವಾಗಿಸಿದ್ದರಿಂದ ನಡೆಸುವವರು ನೂರಾರು ಅಡಿ ದೂರದಲ್ಲಿ ಕುಳಿತು ನಡೆಸಬೇಕಿತ್ತು. ಸೋರಿಕೆ, ತುಕ್ಕು, ದುರಸ್ತಿಗಳ ನಡುವೆ ಒಟ್ಟು ಕೆಲವೇ ನೂರು ಗಂಟೆ ನಡೆದು 1960ರ ದಶಕದ ಮಧ್ಯದಲ್ಲಿ ಅದು ನಿಂತುಹೋಯಿತು. ಹಡಗಿನ ಮೇಲೆ ಕಟ್ಟಿದ ಸ್ಟರ್ಜಿಸ್ ಮಾತ್ರ ಪನಾಮಾ ಕಾಲುವೆಯಲ್ಲಿ 10 ಮೆಗಾವ್ಯಾಟ್ ಕೊಡುತ್ತ 1968ರಿಂದ ಕೆಲವು ವರ್ಷ ಚೆನ್ನಾಗಿಯೇ ದುಡಿಯಿತು. 1976ರಲ್ಲಿ ನಿಂತ ಆ ಹಡಗನ್ನು ಪೂರ್ತಿ ಕಳಚಿ ಗುಜರಿಗೆ ಹಾಕಿ ಮುಗಿಸಿದ್ದು 2019ರಲ್ಲಿ. ಸೋವಿಯತ್ ಒಕ್ಕೂಟದವರೂ ಹಿಂದೆ ಬಿದ್ದಿರಲಿಲ್ಲ. 1961ರಲ್ಲಿ ಒಬ್ನಿನ್ಸ್ಕ್ ನಗರದಲ್ಲಿ ಭಾರೀ ಟ್ಯಾಂಕಿನ ಚಾಸಿಗಳ ಮೇಲೆ ನಾಲ್ಕು ವಾಹನಗಳಲ್ಲಿ ಹಂಚಿ ಕೂರಿಸಿದ ಒಂದೂವರೆ ಮೆಗಾವ್ಯಾಟಿನ ಟಿಇಎಸ್-3 ನಡೆಯಿತು. 1980ರ ದಶಕದಲ್ಲಿ ಬೆಲಾರೂಸಿನಲ್ಲಿ ಪಾಮೀರ್ ಎಂಬ 630 ಕಿಲೋವ್ಯಾಟಿನ, ಲಾರಿಯ ಮೇಲಿನ ರಿಯಾಕ್ಟರ್ ಸಿದ್ಧವಾಯಿತು. ಅದರಲ್ಲಿ ತಂಪಿಗೆ ಬಳಸಿದ್ದು ನೈಟ್ರೋಜನ್ ಟೆಟ್ರಾಕ್ಸೈಡ್ ಎಂಬ ವಿಷಕಾರಿ, ಲೋಹವನ್ನು ತಿನ್ನುವ ವಸ್ತು. ಚೆರ್ನೋಬಿಲ್ ದುರಂತದ ನಂತರ ಆ ಯೋಜನೆಯನ್ನು ಕೈಬಿಟ್ಟರು, ಕೈಬಿಟ್ಟದ್ದು ಒಳ್ಳೆಯದಾಯಿತು.

ಹಾಗಾದರೆ ಈಗ ಏನು ಬದಲಾಗಿದೆ? ಮುಖ್ಯವಾಗಿ ಇಂಧನ. ಅಮೆರಿಕದ ರಕ್ಷಣಾ ಇಲಾಖೆಯ ಪ್ರಾಜೆಕ್ಟ್ ಪೀಲೆ ಯೋಜನೆಗೆ ಬಿಡಬ್ಲ್ಯುಎಕ್ಸ್‌ಟಿ ಕಂಪನಿಯನ್ನು 2022ರ ಜೂನ್‌ನಲ್ಲಿ ಆರಿಸಲಾಯಿತು. ಒಂದರಿಂದ ಐದು ಮೆಗಾವ್ಯಾಟ್ ಸಾಮರ್ಥ್ಯ, ಇಂಧನ ಬದಲಿಸದೆ ಕನಿಷ್ಠ ಮೂರು ವರ್ಷ ನಡೆಯಬೇಕು, ಇಪ್ಪತ್ತು ಅಡಿಯ ಕೆಲವು ಹಡಗು ಕಂಟೇನರುಗಳಲ್ಲಿ ಹಿಡಿಸಬೇಕು, ಮೂರು ದಿನದಲ್ಲಿ ಜೋಡಿಸುವಂತಿರಬೇಕು, ನಿಲ್ಲಿಸಿದ ಏಳು ದಿನದೊಳಗೆ ಹೊರಡುವಂತಿರಬೇಕು ಎಂಬುವು ಷರತ್ತುಗಳು. ಇಡಾಹೊ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2024ರಲ್ಲಿ ನೆಲದ ಕೆಲಸ ಆರಂಭವಾಗಿ, 2025ರಲ್ಲಿ ರಿಯಾಕ್ಟರಿನ ಒಡಲಿನ, ಎಂದರೆ ಇಂಧನವಿರುವ ನಡುಭಾಗದ, ತಯಾರಿ ಶುರುವಾಯಿತು. ಇದರಲ್ಲಿ ಬಳಸುವ ಟ್ರಿಸೋ ಇಂಧನ ನಿಜಕ್ಕೂ ಜಾಣ್ಮೆಯ ಕೆಲಸ. ಗಸಗಸೆ ಕಾಳಿನಷ್ಟು ಚಿಕ್ಕದಾದ ಯುರೇನಿಯಂ ಕಣವನ್ನು ಮೊದಲು ರಂಧ್ರಮಯ ಇಂಗಾಲದಿಂದ, ಅನಂತರ ಗಟ್ಟಿ ಇಂಗಾಲದಿಂದ, ಅದರ ಮೇಲೆ ಸಿಲಿಕಾನ್ ಕಾರ್ಬೈಡಿನಿಂದ, ಹೊರಗೆ ಮತ್ತೊಮ್ಮೆ ಇಂಗಾಲದಿಂದ ಸುತ್ತುತ್ತಾರೆ. ವಿದಳನದಿಂದ ಹುಟ್ಟುವ ವಿಕಿರಣ ವಸ್ತುಗಳು 1,600 ಡಿಗ್ರಿ ಸೆಲ್ಸಿಯಸ್ ಸುಮಾರಿನ ಶಾಖದಲ್ಲಿಯೂ ಆ ಹೊದಿಕೆಯೊಳಗೇ ಬಹುಮಟ್ಟಿಗೆ ಉಳಿಯುತ್ತವೆ. ಹೀಗಾಗಿ ಒಡಲು ಕರಗಿ ಹರಿಯುವ ಭಯ ಬಹಳ ಕಡಿಮೆಯಾಗುತ್ತದೆ. ನೀರಿನ ಬದಲು ಅನಿಲದಿಂದ ತಂಪು ಮಾಡುವುದರಿಂದ ಎಸ್‌ಎಲ್-1ರ ಬಗೆಯ ಆವಿಯ ಸ್ಫೋಟಕ್ಕೂ ಅವಕಾಶವಿಲ್ಲ. ಈ ಸುಧಾರಣೆಗಳನ್ನು ನಾನು ಲಘುವಾಗಿ ಕಾಣುವುದಿಲ್ಲ.

ಆದರೆ ಭೌತಶಾಸ್ತ್ರದ ಒಂದು ನಿಯಮವನ್ನು ಯಾವ ಹೊದಿಕೆಯೂ ಬದಲಿಸಲಾರದು. ಒಂದು ವಿದಳನ ಮತ್ತೊಂದನ್ನು ಹುಟ್ಟಿಸುತ್ತ ಹೋಗುವ ಸರಪಳಿ ಕ್ರಿಯೆ ನಿಂತ ಮೇಲೂ, ಅದುವರೆಗೆ ಹುಟ್ಟಿಕೊಂಡ ವಿಕಿರಣಶೀಲ ವಸ್ತುಗಳು ಕ್ಷಯಿಸುತ್ತ ಶಾಖವನ್ನು ಕೊಡುತ್ತಲೇ ಇರುತ್ತವೆ. ಹತ್ತು ಮೆಗಾವ್ಯಾಟ್ ಶಾಖ ಕೊಡುತ್ತಿದ್ದ ಒಂದು ರಿಯಾಕ್ಟರನ್ನು ನಿಲ್ಲಿಸಿದ ಕ್ಷಣ ಅದರಲ್ಲಿ ಸುಮಾರು 650 ಕಿಲೋವ್ಯಾಟ್, ಒಂದು ಗಂಟೆಯ ನಂತರ ಸುಮಾರು 140, ಒಂದು ದಿನದ ನಂತರ 50ರ ಆಸುಪಾಸು, ವಾರದ ನಂತರವೂ 20 ಕಿಲೋವ್ಯಾಟಿಗಿಂತ ಕಡಿಮೆಯಿಲ್ಲದ ಶಾಖ ಹುಟ್ಟುತ್ತಿರುತ್ತದೆ. ಇಪ್ಪತ್ತು ಕಿಲೋವ್ಯಾಟ್ ಎಂದರೆ ನಮ್ಮ ಮನೆಗಳಲ್ಲಿ ನೀರು ಕಾಯಿಸುವ ಹತ್ತು ಗೀಸರುಗಳು ಬಿಡುವಿಲ್ಲದೆ ಉರಿಯುವಷ್ಟು, ಅದೂ ಮುಚ್ಚಿದ ಪೆಟ್ಟಿಗೆಯೊಳಗೆ, ಲಾರಿಯ ಮೇಲೆ, ಏರುದಾರಿಯಲ್ಲಿ. ಇದು ತಾನಾಗಿ ಹೊರಹೋಗುವಂತೆ ಮಾಡಬಹುದು, ಅಂತಹ ವಿನ್ಯಾಸಗಳಿವೆ. ಶಾಖಕ್ಕಿಂತ ದೊಡ್ಡ ತೊಂದರೆ ಗಾಮಾ ಕಿರಣಗಳದ್ದು. ನಡೆಯುವಾಗ ರಿಯಾಕ್ಟರಿನ ಸುತ್ತ ಮಣ್ಣಿನ ದಿಬ್ಬವನ್ನೋ ಕಾಂಕ್ರೀಟಿನ ಗೋಡೆಯನ್ನೋ ಕಟ್ಟಿಕೊಳ್ಳಬಹುದು. ಹೊರಡುವಾಗ ದಿಬ್ಬ ಜೊತೆಗೆ ಬರುವುದಿಲ್ಲ. ಚಾಲಕನನ್ನೂ, ದಾರಿಯಲ್ಲಿ ಎದುರಾಗುವ ಕುರಿಗಾಹಿಯನ್ನೂ ಕಾಪಾಡಬೇಕಾದ ಸೀಸ ಮತ್ತು ಉಕ್ಕು ಆ ಪೆಟ್ಟಿಗೆಯೊಂದಿಗೇ ಹೋಗಬೇಕು, ಮತ್ತು ಅದರ ತೂಕ ಹತ್ತಾರು ಟನ್.

ಭಾರ ಎಂದರೇನು ಎಂಬುದು ಕೆಜಿಎಫ್ ಸುತ್ತಮುತ್ತ ಇರುವವರಿಗೆ ಹೇಳಿಕೊಡಬೇಕಾಗಿಲ್ಲ. ಬೆಮೆಲ್ ಕಾರ್ಖಾನೆಯಿಂದ ಹೊರಬರುವ ಬುಲ್ಡೋಜರುಗಳನ್ನು, ಎಕ್ಸ್‌ಕವೇಟರುಗಳನ್ನು ಹೊತ್ತ ಉದ್ದನೆಯ ಟ್ರೈಲರುಗಳು ನಮ್ಮ ರಸ್ತೆಗಳಲ್ಲಿ ತಿರುವು ತೆಗೆದುಕೊಳ್ಳುವುದನ್ನು ನೋಡಿದವರಿಗೆ, ಅದೇ ಟ್ರೈಲರನ್ನು ಹದಿನೈದು ಸಾವಿರ ಅಡಿ ಎತ್ತರದ ಕಣಿವೆಯಲ್ಲಿ, ಬಿಡಿ ಉಕ್ಕಿನ ಭಾಗಗಳನ್ನು ಜೋಡಿಸಿ ಕಟ್ಟಿದ, ಭಾರಮಿತಿಯ ಫಲಕ ಹೊತ್ತ ಬೈಲಿ ಸೇತುವೆಯ ಮೇಲೆ ಊಹಿಸಿಕೊಂಡರೆ ಸಾಕು. ವಾಯುಪಡೆಯ ಬಳಿ 11 ಸಿ-17 ಭಾರೀ ಸಾಗಣೆ ವಿಮಾನಗಳಿವೆ, ಅವು ಲೇಹ್‌ನಲ್ಲಿ ಇಳಿಯುತ್ತವೆ, ಹೊಸ ರಿಯಾಕ್ಟರನ್ನು ಅಲ್ಲಿಯವರೆಗೆ ತಲುಪಿಸಬಲ್ಲವು. ಉರಿದು ಬಂದ ರಿಯಾಕ್ಟರನ್ನು ವಿಮಾನದಲ್ಲಿ ಹೇರಿಕೊಂಡು ಹಿಮಾಲಯವನ್ನು ದಾಟಿ ಬರಲು ಯಾವ ಪೈಲಟ್‌ಗೆ ಅಪ್ಪಣೆ ಕೊಡುತ್ತಾರೆ ಎಂಬುದೇ ಪ್ರಶ್ನೆ.

ಹಿಮಾಲಯಕ್ಕೆ ಪರಮಾಣು ಶಕ್ತಿಯನ್ನು ಹೊತ್ತೊಯ್ದು ಮರಳಿ ತರಲಾಗದೆ ಹೋದ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. 1965ರಲ್ಲಿ ಚೀನಾದ ಕ್ಷಿಪಣಿ ಪರೀಕ್ಷೆಗಳ ಮೇಲೆ ಕಣ್ಣಿಡಲೆಂದು ಅಮೆರಿಕದ ಸಿಐಎ ಮತ್ತು ನಮ್ಮ ಗುಪ್ತಚರ ದಳ ಸೇರಿ ನಂದಾದೇವಿ ಶಿಖರದ ಮೇಲೆ ಒಂದು ಸಾಧನವನ್ನು ನೆಡಲು ಹೊರಟವು. ಅದಕ್ಕೆ ವಿದ್ಯುತ್ ಕೊಡಬೇಕಾಗಿದ್ದದ್ದು ಪ್ಲುಟೋನಿಯಂ ಕ್ಷಯದ ಶಾಖದಿಂದ ನಡೆಯುವ ಜನರೇಟರ್; ಅದು ರಿಯಾಕ್ಟರ್ ಅಲ್ಲ, ಸರಪಳಿ ಕ್ರಿಯೆ ಅದರಲ್ಲಿಲ್ಲ. ಹವೆ ಕೆಟ್ಟದ್ದರಿಂದ ತಂಡ ಅದನ್ನು ಮೇಲಿನ ಶಿಬಿರದಲ್ಲಿ ಬಂಡೆಗೆ ಕಟ್ಟಿ ಇಳಿದು ಬಂದಿತು. ಮರುವರ್ಷ ಹೋಗಿ ನೋಡಿದಾಗ ಹಿಮ ಕುಸಿತ ಅದನ್ನು ಒಯ್ದಿತ್ತು. ಹುಡುಕಿದರು, ಸಿಗಲಿಲ್ಲ. 1978ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಈ ವಿಷಯವನ್ನು ಒಪ್ಪಿಕೊಳ್ಳುವವರೆಗೆ ದೇಶಕ್ಕೆ ಅದರ ಸುಳಿವೂ ಇರಲಿಲ್ಲ. ಅದೇ ಬಗೆಯ, ಸ್ಟ್ರಾನ್ಷಿಯಂ ತುಂಬಿದ ಜನರೇಟರುಗಳನ್ನು ಸೋವಿಯತ್ ಒಕ್ಕೂಟ ನೂರಾರು ದೂರದ ದೀಪಸ್ತಂಭಗಳಲ್ಲಿಯೂ ಠಾಣೆಗಳಲ್ಲಿಯೂ ಇಟ್ಟಿತ್ತು. ಒಕ್ಕೂಟವೇ ಒಡೆದ ಮೇಲೆ ಅವುಗಳನ್ನು ಕೇಳುವವರು ಇರಲಿಲ್ಲ. 2001ರ ಡಿಸೆಂಬರಿನಲ್ಲಿ ಜಾರ್ಜಿಯಾ ದೇಶದ ಲಿಯಾ ಹಳ್ಳಿಯ ಬಳಿ ಸೌದೆ ತರಲು ಹೋದ ಮೂವರು, ಸುತ್ತಲಿನ ಹಿಮ ಕರಗಿರುವಷ್ಟು ಬಿಸಿಯಾದ ಎರಡು ಲೋಹದ ಡಬ್ಬಿಗಳನ್ನು ಕಂಡು, ರಾತ್ರಿಯ ಚಳಿಗೆ ಪಕ್ಕದಲ್ಲಿಟ್ಟುಕೊಂಡು ಮಲಗಿದರು. ಮೂವರಿಗೂ ತೀವ್ರ ವಿಕಿರಣದ ಗಾಯಗಳಾದವು. ಒಬ್ಬರು ಎರಡು ವರ್ಷಕ್ಕೂ ಮೇಲ್ಪಟ್ಟ ಚಿಕಿತ್ಸೆಯ ನಂತರ ತೀರಿಕೊಂಡರು. ಸೈನ್ಯಗಳು ಹಿಂದೆ ಸರಿಯುತ್ತವೆ, ಸರ್ಕಾರಗಳು ಬದಲಾಗುತ್ತವೆ, ಕಡತಗಳು ಕಳೆಯುತ್ತವೆ. ಪೆಟ್ಟಿಗೆಯೊಳಗಿನ ವಸ್ತುವಿಗೆ ಅದು ಯಾವುದೂ ತಿಳಿಯದು.

ಇನ್ನು ಯುದ್ಧದ ಕಾನೂನು. 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆಯ 56ನೆಯ ವಿಧಿ ಪರಮಾಣು ವಿದ್ಯುತ್ ಸ್ಥಾವರಗಳ ಮೇಲಿನ ದಾಳಿಗೆ ತಡೆಯೊಡ್ಡುತ್ತದೆ, ಆದರೆ ಸೇನಾ ಕಾರ್ಯಾಚರಣೆಗೆ ನಿಯತವಾಗಿ, ನೇರವಾಗಿ ಗಣನೀಯ ಬೆಂಬಲ ಕೊಡುವ ಸ್ಥಾವರಕ್ಕೆ ಆ ರಕ್ಷಣೆ ತಪ್ಪಿಹೋಗಬಹುದು ಎಂಬ ವಿನಾಯಿತಿಯನ್ನೂ ಇಟ್ಟಿದೆ. ಸೇನಾ ನೆಲೆಗೆಂದೇ ಒಯ್ದ ರಿಯಾಕ್ಟರ್ ಆ ವಿನಾಯಿತಿಯ ಮಧ್ಯದಲ್ಲೇ ಬಂದು ಕೂರುತ್ತದೆ. ನಮಗೆ ಇನ್ನೂ ಹತ್ತಿರದ ತೊಡಕೊಂದಿದೆ, ಅದನ್ನು ಯಾರೂ ಚರ್ಚಿಸಿದ್ದನ್ನು ನಾನು ಕಂಡಿಲ್ಲ. ಭಾರತ ಮತ್ತು ಪಾಕಿಸ್ತಾನಗಳು ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು 1988ರ ಡಿಸೆಂಬರ್ 31ರಂದು ಒಪ್ಪಂದಕ್ಕೆ ಸಹಿ ಹಾಕಿದವು; 1991ರಲ್ಲಿ ಅದು ಜಾರಿಗೆ ಬಂದಿತು. ಅದರಂತೆ ಪ್ರತಿವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು, ಅಕ್ಷಾಂಶ ರೇಖಾಂಶಗಳ ಸಮೇತ, ವಿನಿಮಯ ಮಾಡಿಕೊಳ್ಳುತ್ತವೆ. ಎಷ್ಟೇ ಉದ್ವಿಗ್ನತೆ ಇದ್ದ ವರ್ಷವೂ ಈ ಪದ್ಧತಿ ತಪ್ಪಿಲ್ಲ, ಮತ್ತು ಎರಡು ದೇಶಗಳ ನಡುವೆ ಇಷ್ಟು ನಿಷ್ಠೆಯಿಂದ ನಡೆದುಬಂದ ಒಪ್ಪಂದಗಳು ಬಹಳ ಇಲ್ಲ. ಚಕ್ರದ ಮೇಲಿನ ರಿಯಾಕ್ಟರಿಗೆ ಯಾವ ಅಕ್ಷಾಂಶವನ್ನು ಬರೆಯುವುದು? ಬರೆದರೆ ಮುಂಚೂಣಿ ನೆಲೆ ಎಲ್ಲಿದೆ ಎಂಬುದನ್ನೇ ಹೇಳಿಕೊಟ್ಟಂತೆ, ಅದು ನಾಳೆ ಇನ್ನೊಂದು ಕಣಿವೆಗೆ ಹೋದರೆ ಪಟ್ಟಿ ಸುಳ್ಳು; ಬರೆಯದಿದ್ದರೆ ಒಪ್ಪಂದದ ಆಸರೆ ಅದಕ್ಕಿಲ್ಲ. ಚೀನಾದೊಂದಿಗೆ ಇಂತಹ ಪಟ್ಟಿಯ ಏರ್ಪಾಡೇ ಇಲ್ಲ.

ನಮ್ಮವರು ಈ ತಂತ್ರಜ್ಞಾನದಲ್ಲಿ ಹಿಂದೆ ಇದ್ದಾರೆಂದು ಯಾರೂ ಭಾವಿಸಬೇಕಾಗಿಲ್ಲ. ಕಲ್ಪಾಕ್ಕಂನಲ್ಲಿ ಮೊದಲು ಮಾದರಿಯನ್ನು ಪರೀಕ್ಷಿಸಿ, ಆಮೇಲೆ ಅರಿಹಂತ್ ಜಲಾಂತರ್ಗಾಮಿಯೊಳಗೆ 83 ಮೆಗಾವ್ಯಾಟಿನ ರಿಯಾಕ್ಟರನ್ನು ಕೂರಿಸಿದ ವಿಜ್ಞಾನಿಗಳು ನಮ್ಮಲ್ಲಿದ್ದಾರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬಹಳ ಹಿಂದೆಯೇ 100 ಕಿಲೋವ್ಯಾಟ್ ಶಾಖದ, ಟ್ರಿಸೋ ಇಂಧನದ, ಸೀಸ ಮತ್ತು ಬಿಸ್ಮತ್ ಮಿಶ್ರಣದಿಂದ ತಂಪಾಗುವ ಪುಟ್ಟ ರಿಯಾಕ್ಟರೊಂದನ್ನು ರೂಪಿಸಿತ್ತು. 2025–26ರ ಕೇಂದ್ರ ಬಜೆಟ್ ಸಣ್ಣ ರಿಯಾಕ್ಟರುಗಳ ಸಂಶೋಧನೆಗೆ 20,000 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿ, 2033ರೊಳಗೆ ಕನಿಷ್ಠ ಐದು ಸ್ವದೇಶಿ ರಿಯಾಕ್ಟರುಗಳು ನಡೆಯಬೇಕೆಂದು ಗುರಿಯಿಟ್ಟಿತು. ಇವು ಕಾರ್ಖಾನೆಗಳಿಗೆ, ಗ್ರಿಡ್ಡಿಗೆ ಎಂದು ಹೇಳಿರುವಂಥವು. ಅವುಗಳಿಗೆ ನನ್ನ ಆಕ್ಷೇಪವಿಲ್ಲ. ಜಲಾಂತರ್ಗಾಮಿಯ ರಿಯಾಕ್ಟರ್ ಪ್ರತಿ ಬಾರಿಯೂ ತನ್ನದೇ ಬಂದರಿಗೆ ತಾನೇ ಮರಳುತ್ತದೆ, ಅದನ್ನು ತೆರೆಯುವ ಜಾಗ, ಜನ, ಕ್ರೇನು ಎಲ್ಲವೂ ಅಲ್ಲಿರುತ್ತವೆ. ಬೆಟ್ಟದ ಮೇಲಿನ ರಿಯಾಕ್ಟರಿಗೆ ಈ ಅನುಕೂಲ ಯಾವುದೂ ಇಲ್ಲ.

ಮರಳಿ ತಂದರೂ ಎಲ್ಲಿಗೆ ತರುವುದು ಎಂಬ ಪ್ರಶ್ನೆ ಬಂದಾಗ ನಮ್ಮ ಜಿಲ್ಲೆಯವರ ಕಿವಿ ನೆಟ್ಟಗಾಗುತ್ತದೆ. 1980ರ ದಶಕದಲ್ಲಿ ಚಿನ್ನದ ಗಣಿಯ ಬಳಕೆಯಲ್ಲಿಲ್ಲದ ಭಾಗವೊಂದರಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಬಂಡೆಯನ್ನು ವಿದ್ಯುತ್ತಿನಿಂದ ಕಾಯಿಸಿ, ತ್ಯಾಜ್ಯದ ಶಾಖಕ್ಕೆ ಅದು ಹೇಗೆ ವರ್ತಿಸೀತು ಎಂದು ಪರಮಾಣು ವಿಜ್ಞಾನಿಗಳು ಪರೀಕ್ಷಿಸಿದ್ದರು. ಆಗ ವಿಕಿರಣ ವಸ್ತುವನ್ನೇನೂ ತಂದಿರಲಿಲ್ಲ. 2012ರ ನವೆಂಬರಿನಲ್ಲಿ ತಮಿಳುನಾಡಿನ ಕೂಡಂಕುಳಂ ಪರಮಾಣು ಸ್ಥಾವರದ ಪ್ರಕರಣದ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ತ್ಯಾಜ್ಯದ ಸಂಬಂಧವಾಗಿ ಕೋಲಾರದ ಗಣಿಗಳ ಹೆಸರು ಬಂದದ್ದೇ ತಡ, ಕೆಜಿಎಫ್‌ನಲ್ಲಿ ಜನ ಬೀದಿಗಿಳಿದರು, ಅಂತಹ ಯೋಜನೆ ಇಲ್ಲವೆಂದು ಅಧಿಕಾರಿಗಳು ಸ್ಪಷ್ಟನೆ ಕೊಡಬೇಕಾಯಿತು. ಆ ಸಿಟ್ಟನ್ನು ಅಜ್ಞಾನ ಎಂದು ತಳ್ಳಿಹಾಕಿದವರು ಆಗ ಹಲವರಿದ್ದರು. ಗಣಿಗಳು 2001ರಲ್ಲಿ ಮುಚ್ಚಿದವು, ಚಿನ್ನ ಹೋಯಿತು, ಕೆಲಸ ಹೋಯಿತು. ಸೈನೈಡ್ ದಿಬ್ಬಗಳು ಮಾತ್ರ ಊರಿಗೆ ಉಳಿದವು, ಬೇಸಿಗೆಯ ಗಾಳಿಗೆ ಅವುಗಳ ಧೂಳು ಇಂದಿಗೂ ಮನೆಯೊಳಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಉಳಿಯುವುದನ್ನು ಯಾರು ಎತ್ತುತ್ತಾರೆ ಎಂದು ಕೇಳುವ ಹಕ್ಕು ಅಂತಹ ಊರಿನವರಿಗೆ ಇದ್ದೇ ಇದೆ.

ಗಡಿಯ ನೆಲೆಗಳಿಗೆ ಬೇರೆ ದಾರಿ ಇಲ್ಲವೇ ಎಂದರೆ, ಸಣ್ಣ ಪ್ರಮಾಣದಲ್ಲಿ ಇದೆ. ಲಡಾಖಿನ ಚುಶೂಲ್‌ನಲ್ಲಿ ಎನ್‌ಟಿಪಿಸಿ ಸೇನೆಗಾಗಿ ಕೈಗೆತ್ತಿಕೊಂಡಿರುವ ವ್ಯವಸ್ಥೆಯಲ್ಲಿ ಹಗಲಿನ ಬಿಸಿಲಿನಿಂದ ಜಲಜನಕವನ್ನು ತಯಾರಿಸಿಟ್ಟು, ಇರುಳಿಗೂ ಚಳಿಗಾಲಕ್ಕೂ ಅದನ್ನೇ ಬಳಸಿ 200 ಕಿಲೋವ್ಯಾಟನ್ನು ನಿರಂತರವಾಗಿ ಕೊಡುವುದು ಉದ್ದೇಶ. ಸುಮಾರು 4,400 ಮೀಟರ್ ಎತ್ತರದಲ್ಲಿ ಅದು ಹೇಳಿದಂತೆ ನಡೆದರೆ, ಮೇಲೆ ಹಾಕಿದ ಲೆಕ್ಕದ ಪ್ರಕಾರ ವರ್ಷಕ್ಕೆ ನಾಲ್ಕೂವರೆ ಲಕ್ಷ ಲೀಟರಿಗಿಂತ ಹೆಚ್ಚು ಡೀಸೆಲ್ ಉಳಿಯುತ್ತದೆ. ರಾಡಾರುಗಳು, ಹೊಸ ಬಗೆಯ ಆಯುಧಗಳು, ದತ್ತಾಂಶ ಕೇಂದ್ರಗಳು ಬೇಡುವ ಹಲವು ಮೆಗಾವ್ಯಾಟ್‌ಗಳಿಗೆ ಅದು ಸಾಲದು ಎಂದು ರಿಯಾಕ್ಟರಿನ ಪರವಾಗಿರುವವರು ಹೇಳುತ್ತಾರೆ, ಅದು ಸರಿಯಾದ ಮಾತು. ಅಷ್ಟು ವಿದ್ಯುತ್ತು ಬೇಕಾಗುವ ನೆಲೆ ಸಾಮಾನ್ಯವಾಗಿ ಮುಂಚೂಣಿಯಲ್ಲಿರುವುದಿಲ್ಲ, ಅಲ್ಲಿಗೆ ತಂತಿ ಎಳೆಯಬಹುದು ಎಂಬುದು ನನ್ನ ಉತ್ತರ.

ಪೀಲೆಯ ಪರಿಸರ ವರದಿಯಲ್ಲಿ ಒಂದು ಹಂತವಿದೆ: ರಿಯಾಕ್ಟರನ್ನು ಒಂದೆಡೆ ನಡೆಸಿ, ನಿಲ್ಲಿಸಿ, ತಣಿಸಿ, ಬಿಚ್ಚಿ, ಲಾರಿಯ ಮೇಲೆ ಹೇರಿ, ಇಡಾಹೊ ಪ್ರಯೋಗಾಲಯದ ವಿಶಾಲವಾದ ಆವರಣದಲ್ಲಿಯೇ ಇನ್ನೊಂದು ಕಡೆಗೆ ಒಯ್ದು ಮತ್ತೆ ಚಾಲೂ ಮಾಡುವುದು. ಅದು ಮೊದಲ ಬಾರಿ ವಿದ್ಯುತ್ ಕೊಟ್ಟ ದಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುತ್ತದೆ. ನಾನು ಓದಲು ಕಾಯುತ್ತಿರುವುದು ಈ ಎರಡನೆಯ ಹಂತದ ವರದಿಯನ್ನು, ಮುಖ್ಯವಾಗಿ ಅದರಲ್ಲಿ ಲಾರಿಯ ಬಳಿ ನಿಂತವರಿಗೆ ತಗಲಿದ ವಿಕಿರಣದ ಪ್ರಮಾಣವನ್ನು. ಪ್ರಯೋಗವೆಲ್ಲ ಮುಗಿದ ಮೇಲೆ ಆ ರಿಯಾಕ್ಟರನ್ನು ಅದೇ ಆವರಣದಲ್ಲಿ ತಾತ್ಕಾಲಿಕವಾಗಿ ಇಡುವುದಾಗಿ ವರದಿ ಹೇಳುತ್ತದೆ. ಉರಿದ ಇಂಧನಕ್ಕೆ ಶಾಶ್ವತ ತಾಣ ಅಮೆರಿಕದಲ್ಲಿ ಈವರೆಗೂ ತೆರೆದಿಲ್ಲ.